ಮೂರು ಓಟಿರುವ ವಾರ್ಡಿನಲ್ಲಿ ಒಂದೇ ಓಟು ಯಾಕೆ?

ನಮಸ್ಕಾರ. ಗ್ರಾಮ ಪಂಚಾಯಿತಿ ಚುನಾವಣೆ ಬಂತೆಂದರೆ ಕೊಡಗಿನ ತೋಟ ಕಾರ್ಮಿಕರ ಲೈನ್ ಮನೆಗಳ ಮುಂದೆ, ಬುಡಕಟ್ಟು ಜನರ ಹಾಡಿಗಳಲ್ಲಿ, ಸಂತೆಯ ದಿನದ ಜೀಪಿನಲ್ಲಿ ಒಂದೇ ಮಾತು ಓಡಾಡುತ್ತದೆ: “ನಮ್ಮವರಿಗೊಂದು ಓಟು ಹಾಕಿಬಿಡಿ, ಸಾಕು. ಉಳಿದವರ ತಂಟೆ ನಿಮಗೆ ಬೇಡ.” ಈ ಮಾತಿಗೆ ಕಿವಿಗೊಡಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ವಿಧಾನಸಭೆ ಚುನಾವಣೆಯಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ ಶಾಸಕರು, ನಮ್ಮ ಕೈಯಲ್ಲಿ ಒಂದೇ ಮತ. ಗ್ರಾಮ ಪಂಚಾಯಿತಿಯ ಲೆಕ್ಕ ಬೇರೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಹೆಚ್ಚು ಜನರಿರುವ ವಾರ್ಡಿಗೆ ಇಬ್ಬರು, ಮೂವರು, ಕೆಲವೊಮ್ಮೆ ನಾಲ್ವರು ಸದಸ್ಯರಿರುತ್ತಾರೆ. ಎಷ್ಟು ಸ್ಥಾನವೋ ಅಷ್ಟು ಮತ ನಿಮಗೆ. ಆದರೆ ಒಬ್ಬರಿಗೆ ಒಂದೇ. ಸ್ಥಾನಗಳಿಗಿಂತ ಹೆಚ್ಚು ಮುದ್ರೆ ಒತ್ತಿದರೆ ಮತಪತ್ರವೇ ತಿರಸ್ಕೃತ. ಕಡಿಮೆ ಒತ್ತಿದರೆ ಊರ್ಜಿತ. ಕಡಿಮೆ ಒತ್ತಿದರೂ ನಡೆಯುತ್ತದೆ ಎನ್ನುವ ಈ ಅವಕಾಶವನ್ನೇ ಉಳ್ಳವರು ಬಳಸಿಕೊಳ್ಳುತ್ತಾರೆ.

ಮನೆಮನೆಗೆ ಹಂಚುವ ಮಾದರಿ ಮತಪತ್ರವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಸಾಲು ಸಾಲು ಗೆರೆ ಎಳೆದಿರುತ್ತಾರೆ. ಒಂದು ಸಾಲಿನಲ್ಲಿ ಮಾತ್ರ ಆಟೊ ರಿಕ್ಷಾವೋ ಹೊಲಿಗೆ ಯಂತ್ರವೋ ದಪ್ಪಗೆ ಅಚ್ಚಾಗಿರುತ್ತದೆ, ಪಕ್ಕದಲ್ಲಿ ಮುದ್ರೆಯ ಗುರುತು. ಉಳಿದ ಸಾಲುಗಳೆಲ್ಲ ಖಾಲಿ. ಅಕ್ಷರ ಬಾರದ ಅಜ್ಜಿಯೊಬ್ಬರು ಅದನ್ನು ನೋಡಿದರೆ ತಮಗಿರುವುದು ಒಂದೇ ಓಟು ಎಂದುಕೊಳ್ಳುವುದು ಸಹಜ. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

ಯಾಕೆಂದು ಹೇಳುತ್ತೇನೆ. ಒಂದು ವಾರ್ಡಿನಲ್ಲಿ ಮೂರು ಸ್ಥಾನ ಎಂದಿಟ್ಟುಕೊಳ್ಳಿ: ಒಂದು ಸಾಮಾನ್ಯ, ಒಂದು ಸಾಮಾನ್ಯ ಮಹಿಳೆ, ಒಂದು ಪರಿಶಿಷ್ಟ ಪಂಗಡ. ಆರುನೂರು ಜನ ಬಂದು ಮತ ಹಾಕುತ್ತಾರೆ. ಅವರಲ್ಲಿ ನಾನೂರು ಜನ ಸಾಮಾನ್ಯ ಸ್ಥಾನದ ಜಿದ್ದಿಗೆ ಬಿದ್ದು ಒಂದೇ ಮುದ್ರೆ ಒತ್ತಿ ಹೊರಟುಹೋದರೆ, ಉಳಿದ ಎರಡು ಸ್ಥಾನಗಳನ್ನು ತೀರ್ಮಾನಿಸುವವರು ಇನ್ನುಳಿದ ಇನ್ನೂರು ಜನ. ಆ ಇನ್ನೂರರಲ್ಲಿ ನೂರು ಜನ ಒಬ್ಬ ಮಾಲೀಕರ ಮಾತು ಕೇಳುವವರಾದರೆ, ಯರವರಂಥ ಪರಿಶಿಷ್ಟ ಪಂಗಡದವರ ಸ್ಥಾನಕ್ಕೆ ಯಾರು ಬರಬೇಕೆಂದು ಆ ಮಾಲೀಕರೇ ನಿಶ್ಚಯಿಸಿದಂತಾಯಿತು. ಮೀಸಲಾತಿ ಕಾಗದದಲ್ಲಿ ಪೂರ್ತಿ ಪಾಲನೆಯಾಗಿರುತ್ತದೆ. ಗೆದ್ದವರು ಮಾತ್ರ ಸಭೆಯಲ್ಲಿ ಮಾಲೀಕರ ಮುಖ ನೋಡಿಯೇ ಬಾಯಿ ತೆರೆಯುತ್ತಾರೆ.

ಹಾಡಿಯ ಅಕ್ಕಂದಿರು, ಅಣ್ಣಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಮೀಸಲು ಸ್ಥಾನದ ಪೈಪೋಟಿ ಆ ವರ್ಗದ ಅಭ್ಯರ್ಥಿಗಳ ನಡುವೆ ಮಾತ್ರ. ಆ ಸ್ಥಾನಕ್ಕೆ ನಿಂತ ನಿಮ್ಮ ಹುಡುಗಿಗೆ ಒಂದು ಮತ ಕೊಟ್ಟು, ಉಳಿದೆರಡನ್ನು ಬೇರೆ ಸ್ಥಾನಗಳಿಗೆ ನಿಂತವರಿಗೆ ಹಾಕಿದರೆ ನಿಮ್ಮ ಹುಡುಗಿಗೆ ಅಲ್ಲಿ ಯಾವ ನಷ್ಟವೂ ಇಲ್ಲ. ಆ ಇಬ್ಬರು ಮಾತ್ರ ಗೆದ್ದ ಮೇಲೆ ಹಾಡಿಯ ಕಡೆ ತಲೆ ಹಾಕಲೇಬೇಕಾಗುತ್ತದೆ. ಹಾಡಿಯ ಅಭ್ಯರ್ಥಿ ಮೀಸಲಿಲ್ಲದ ಸ್ಥಾನಕ್ಕೇ ಕಣ್ಣಿಟ್ಟು ನಿಂತರೆ ಆ ಮಾತು ಬೇರೆ. ಎದುರಾಳಿಗೆ ನಾವೇ ಮತ ಕೊಟ್ಟು ಬಲ ತುಂಬುವುದೇಕೆ ಎಂದು ಸಣ್ಣ ಗುಂಪೊಂದು ಒಂದೇ ಓಟು ಹಾಕಿದರೆ ಅವರನ್ನು ನಾನು ದೂರಲಾರೆ. ಬಲವಿಲ್ಲದವರಿಗೆ ಅದೊಂದು ಆಯುಧ.

ಹಾಗೆ ಮೀಸಲಿಲ್ಲದ ಸ್ಥಾನಕ್ಕೆ ನಿಲ್ಲುವುದಕ್ಕೆ ಹಾಡಿಯವರಿಗೆ ಹಕ್ಕಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಇದೆ. ಒಂದು ಕ್ಷೇತ್ರಕ್ಕೆ ಇಬ್ಬರು ಪ್ರತಿನಿಧಿಗಳ ಪದ್ಧತಿ ಹಿಂದೆ ಲೋಕಸಭೆಗೂ ಇತ್ತು. ಆಂಧ್ರದ ಪಾರ್ವತೀಪುರಂ ಕ್ಷೇತ್ರದಲ್ಲಿ 1957ರಲ್ಲಿ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳೇ ಎರಡೂ ಸ್ಥಾನ ಗೆದ್ದರು. ಸೋತವರು ವಿ.ವಿ. ಗಿರಿ, ಮುಂದೆ ರಾಷ್ಟ್ರಪತಿಯಾದವರು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಮೀಸಲು ವರ್ಗದವರು ಸಾಮಾನ್ಯ ಸ್ಥಾನ ಗೆದ್ದದ್ದು ಸರಿಯೇ ಎಂದು ಕೋರ್ಟು ಹೇಳಿತು. ನಮ್ಮ ಕೊಡಗೂ ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರ ವಿಧಾನಸಭೆಯ 24 ಸ್ಥಾನಗಳಿಗೆ 18 ಕ್ಷೇತ್ರಗಳಿದ್ದವು, ಆರು ಕಡೆ ಇಬ್ಬಿಬ್ಬರು ಶಾಸಕರು. ಆ ಪದ್ಧತಿಯನ್ನು 1961ರಲ್ಲಿ ರದ್ದುಮಾಡಲಾಯಿತು. ಅದು ಇಂದಿಗೂ ಉಸಿರಾಡುತ್ತಿರುವುದು ಪಂಚಾಯಿತಿಯಲ್ಲಿ.

ಉಳಿದಿರುವುದು ಒಳ್ಳೆಯದೇ. ನಮ್ಮಲ್ಲಿ ಒಂದೇ ವಾರ್ಡಿನಲ್ಲಿ ಕೊಡವರ ಮೂಲಮನೆಯಾದ ಐನ್‌ಮನೆಯ ಒಕ್ಕದವರೂ, ಅಂದರೆ ಆ ಮನೆತನದವರೂ, ಇದ್ದಾರೆ, ಹತ್ತು ಸೆಂಟ್ಸ್ ಜಾಗದವರೂ ಇದ್ದಾರೆ, ಮೂರು ತಲೆಮಾರಿನಿಂದ ಲೈನ್ ಮನೆಯಲ್ಲೇ ಇದ್ದು ಸ್ವಂತದ ಒಂದು ಗೋಡೆಯೂ ಇಲ್ಲದವರಿದ್ದಾರೆ. ಇವರೆಲ್ಲರ ಪರವಾಗಿ ಒಬ್ಬರೇ ಮಾತನಾಡುವುದು ಆಗದ ಕೆಲಸ. ಮನೆ ಇಲ್ಲದವರ ಪಟ್ಟಿಯಲ್ಲಿ ಹೆಸರು ಸೇರುವುದು, ಕೊಳವೆಬಾವಿಯ ಪೈಪು ತೋಟದ ಗೇಟಿನ ಆಚೆಗೂ ಹೋಗುವುದು, ಲೈನ್ ಮನೆಯ ಮುಂದೆ ಬೀದಿದೀಪ ಉರಿಯುವುದು, ಇವೆಲ್ಲ ಪಂಚಾಯಿತಿ ಸಭೆಯಲ್ಲಿ ಕೈ ಎತ್ತುವವರ ಸಂಖ್ಯೆಯ ಮೇಲೆ ನಿಂತಿವೆ.

ಸದಸ್ಯರು ಹೆಚ್ಚಾದಷ್ಟು ಜಾರಿಕೊಳ್ಳುವುದು ಸುಲಭ ಎಂಬ ದೂರು ಸುಳ್ಳಲ್ಲ. ನೀರು ಬರಲಿಲ್ಲ ಎಂದು ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಹೆಸರು ಹೇಳುತ್ತಾರೆ, ಅವರನ್ನು ಕೇಳಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡೆ ಕೈ ತೋರಿಸುತ್ತಾರೆ. ಅದಕ್ಕೆ ದಾರಿ ಇದೆ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಯಬೇಕೆಂದು ಕಾಯ್ದೆಯೇ ಹೇಳುತ್ತದೆ. ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಮುಗಿಸುವ ಸಭೆಯಲ್ಲ, ಎಲ್ಲ ಸದಸ್ಯರೂ ಒಟ್ಟಿಗೆ ಕುಳಿತು ಒಂದೇ ಪ್ರಶ್ನೆಗೆ ಉತ್ತರಿಸುವ ಸಭೆ. ಮೂವರಿಗೂ ಮತ ಕೊಟ್ಟವರು ಮೂವರನ್ನೂ ಹೆಸರು ಹಿಡಿದು ಕೇಳಬಹುದು.

ತೋಟದ ಮಾಲೀಕರಿಗೂ ಒಂದು ಮಾತು. ಕಳೆದ ಬಾರಿಯ ಮತದಾನ ನಡೆದದ್ದು 2020ರ ಡಿಸೆಂಬರ್ 22 ಮತ್ತು 27ರಂದು. ಅದು ಅರೇಬಿಕಾ ಕಾಫಿ ಹಣ್ಣು ಕೊಯ್ಯುವ ಸಮಯ. ಕಿಲೋ ಲೆಕ್ಕದಲ್ಲಿ ಕೊಯ್ಯುವವರಿಗೆ ಅರ್ಧ ದಿನ ಹೋದರೆ ಅರ್ಧ ದಿನದ ಅಕ್ಕಿ ಹೋದಂತೆ. ಮುಂದಿನ ಮತದಾನವೂ ಕೊಯ್ಲಿನ ಸಮಯದಲ್ಲೇ ಬಂದರೆ ಅಂದು ಕಾಫಿ ಒಣಗಿಸುವ ಕಣ ಖಾಲಿ ಇರಲಿ. ಅಂದಿನ ಸಂಬಳವನ್ನು ಪೂರ್ತಿ ಕೊಟ್ಟು, ಮತಗಟ್ಟೆಗೆ ನಡೆದು ಹೋಗಲು ಬಿಡಿ. ನಿಮ್ಮ ಜೀಪಿನಲ್ಲಿ ಕರೆದೊಯ್ಯುವುದು ಬೇಡ.