ಕುಕ್ಕರಿಗೆ ಐಎಸ್‌ಐ ಇದೆ, ವಾಲ್ವಿಗೆ?

ನಮಸ್ಕಾರ. ಕ್ಯಾಮೆರಾ ಹತ್ತಿರ ಒಂದು ಚಿಕ್ಕ ವಸ್ತು ಹಿಡಿಯುತ್ತೇನೆ, ನೋಡಿ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಸುತ್ತ ಹಿತ್ತಾಳೆ, ಮಧ್ಯೆ ಒಂದು ತೂತು. ಆ ತೂತಿನಲ್ಲಿ ಬೆಳ್ಳಗಿನ ಒಂದು ಮೆತ್ತನೆ ಲೋಹ ಇರಬೇಕಿತ್ತು. ಈಗ ಇಲ್ಲ, ಕರಗಿ ಹೋಗಿದೆ. ಇದು ನಮ್ಮ ಮನೆ ಕುಕ್ಕರಿನ ಸೇಫ್ಟಿ ವಾಲ್ವ್.

ಹೋದ ತಿಂಗಳು ಒಂದು ಭಾನುವಾರ ಅಮ್ಮ ತೊಗರಿಬೇಳೆ ಇಟ್ಟಿದ್ದಳು. ಹತ್ತು ನಿಮಿಷ ಕಳೆದರೂ ಸೀಟಿ ಇಲ್ಲ. "ಗ್ಯಾಸ್ ಮುಗೀತೇನೋ, ಸ್ವಲ್ಪ ನೋಡೋ" ಅಂದಳು. ನಾನು ಫೋನ್ ನೋಡುತ್ತಾ ಹ್ಞೂಂ ಅಂದೆ, ಏಳಲಿಲ್ಲ. ಜೀವನದಲ್ಲಿ ಮೊದಲ ಸಲ ಸೋಮಾರಿತನ ಕೈ ಹಿಡಿಯಿತು. ಡಬ್ ಅಂತ ಒಂದು ಸದ್ದು, ಆಮೇಲೆ ಬುಸ್ಸ್ ಅಂತ ಹಬೆ. ಹೋಗಿ ನೋಡಿದರೆ ಒಲೆ, ಗೋಡೆ, ಟ್ಯೂಬ್‌ಲೈಟು, ಸೀಲಿಂಗು, ಎಲ್ಲಾ ಕಡೆ ಬೇಳೆ. ಯಾರಿಗೂ ಏನೂ ಆಗಲಿಲ್ಲ.

ಆಗಿದ್ದು ಇಷ್ಟೇ. ಬೇಳೆ ಜಾಸ್ತಿ ಹಾಕಿದ್ದಳು. ನೊರೆ ಉಕ್ಕಿ, ಸಿಪ್ಪೆ ಹೋಗಿ ವೆಯ್ಟ್ ಕೂರುವ ನಳಿಗೆಯಲ್ಲಿ ಸಿಕ್ಕಿಹಾಕಿಕೊಂಡಿತು. ಹಬೆಗೆ ಹೊರಗೆ ಹೋಗಲು ದಾರಿ ಇಲ್ಲ. ಕುಕ್ಕರಿನೊಳಗೆ ಸರಿಯಾಗಿ ಕೆಲಸ ನಡೆಯುವಾಗಲೇ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಇರುತ್ತದೆ, ನೀರು 120 ಡಿಗ್ರಿ ಹತ್ತಿರ ಕುದಿಯುತ್ತದೆ. ದಾರಿ ಮುಚ್ಚಿದರೆ ಒತ್ತಡ ಏರುತ್ತದೆ, ಅದರ ಜೊತೆ ಬಿಸಿಯೂ ಏರುತ್ತದೆ. ಒಂದು ಮಟ್ಟ ಮುಟ್ಟಿದ ಕೂಡಲೇ ಈ ಬೆಳ್ಳಗಿನ ಲೋಹ ಕರಗಿ ತೂತು ತೆರೆದುಕೊಳ್ಳುತ್ತದೆ. ಬೇಳೆ ಸೀಲಿಂಗಿಗೆ ಹೋಯಿತು, ಮುಚ್ಚಳ ಹೋಗಲಿಲ್ಲ. ಅಂದರೆ ವಾಲ್ವ್ ಕೆಟ್ಟಿರಲಿಲ್ಲ. ತಾನು ಸತ್ತು ನಮ್ಮನ್ನು ಉಳಿಸಿತು.

ಈ ವಿಡಿಯೋ ಮಾಡಬೇಕು ಅನ್ನಿಸಿದ್ದು ಅವತ್ತಲ್ಲ, ಮರುದಿನ. ಹೊಸ ವಾಲ್ವ್ ತರೋಣ ಅಂತ ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಗಲ್ಲಾಪೆಟ್ಟಿಗೆ ಮೇಲೆ ಸುರಿದರು. ಸೌತೆಬೀಜದ ಹಾಗೆ ರಾಶಿ ವಾಲ್ವ್. "ಯಾವ ಕಂಪನಿದು ಸಾರ್ ನಿಮ್ಮ ಕುಕ್ಕರ್?" ಅಂತ ಕೇಳಿದರು. ಹೇಳಿದೆ. "ಯಾವುದಾದ್ರೂ ತಗೊಳ್ಳಿ, ಎಲ್ಲಾದಕ್ಕೂ ಆಗುತ್ತೆ." ಹಾಗಾದರೆ ನನ್ನನ್ನು ಯಾಕೆ ಕೇಳಿದರೋ ಗೊತ್ತಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. ಅದರ ಮೇಲೆ ಹೆಸರಿಲ್ಲ, ನಂಬರಿಲ್ಲ, ಎಷ್ಟು ಬಿಸಿಗೆ ಕರಗುತ್ತದೆ ಅನ್ನುವ ಸುಳಿವೂ ಇಲ್ಲ. ಕರಗುತ್ತದೋ ಇಲ್ಲವೋ, ಅದೇ ಗೊತ್ತಿಲ್ಲ ಅಲ್ವಾ?

ನಮ್ಮ ಕುಕ್ಕರಿನ ಮೇಲೆ ಐಎಸ್‌ಐ ಮಾರ್ಕ್ ಇದೆ. ಕುಕ್ಕರಿಗೆ ಇರುವ ಮಾನದಂಡ ಐಎಸ್ 2347. 2020ರಲ್ಲಿ ಆದೇಶ ಆಗಿ, 2021ರ ಫೆಬ್ರವರಿ 1ರಿಂದ ಈ ಮಾರ್ಕ್ ಇಲ್ಲದ ಮನೆ ಕುಕ್ಕರ್ ಮಾರುವ ಹಾಗೇ ಇಲ್ಲ. ಮುಚ್ಚಳ, ಹಿಡಿ, ವೆಯ್ಟ್, ವಾಲ್ವ್ ಎಲ್ಲವನ್ನೂ ಸೇರಿಸಿ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರೆ. ಸರಿ, ಒಳ್ಳೆಯದು. ಆದರೆ ಅಷ್ಟೆಲ್ಲ ಪರೀಕ್ಷೆ ಗೆದ್ದು ಬಂದ ಕುಕ್ಕರಿಗೆ ನಾನು ಡಬ್ಬಿಯಿಂದ ಸುರಿದ ಅನಾಮಧೇಯ ವಾಲ್ವ್ ಸಿಕ್ಕಿಸಿದ ಮೇಲೆ, ಆ ಮಾರ್ಕಿಗೆ ಏನು ಬೆಲೆ ಉಳಿಯಿತು?

ಗ್ಯಾಸ್ಕೆಟ್ ಕಥೆಯೂ ಇದೇ. ನಾವೆಲ್ಲ ಅದನ್ನು ಹಬೆ ಸೋರದಿರಲು ಹಾಕುವ ರಬ್ಬರ್ ಬಳೆ ಅಂದುಕೊಂಡಿದ್ದೇವೆ. ಕೆಲವು ಕುಕ್ಕರ್‌ಗಳ ಮುಚ್ಚಳದ ಅಂಚಿನಲ್ಲಿ ಒಂದು ಉದ್ದನೆ ಕಿಂಡಿ ಇರುತ್ತದೆ, ಇವತ್ತು ಅಡುಗೆಮನೆಗೆ ಹೋದಾಗ ನೋಡಿ. ಒತ್ತಡ ಮಿತಿಮೀರಿದರೆ ಗ್ಯಾಸ್ಕೆಟ್ ಆ ಕಿಂಡಿಯಲ್ಲಿ ಹೊರಗೆ ಉಬ್ಬಿ ಹಬೆಗೆ ದಾರಿ ಬಿಡಬೇಕು. ಗಟ್ಟಿಯಾದ, ದಪ್ಪನೆಯ ಡೂಪ್ಲಿಕೇಟ್ ಗ್ಯಾಸ್ಕೆಟ್ ಹಾಕಿದರೆ ಅದು ಉಬ್ಬುವುದಿಲ್ಲ. ದಿನಾ ಸೀಟಿ ಚೆನ್ನಾಗೇ ಬರುತ್ತದೆ. "ಇದೂ ಅದೇ ಥರ ಇದೆಯಲ್ಲ, ಅರ್ಧ ರೇಟಿಗೆ ಬಂತು" ಅಂತ ಖುಷಿಯಾಗುತ್ತದೆ. ಬೇಕಾದ ಒಂದು ದಿನ ಮಾತ್ರ ಕೈ ಕೊಡುತ್ತದೆ. ಕುಕ್ಕರ್ ಗ್ಯಾಸ್ಕೆಟ್‌ಗೆ ಅಂತಲೇ ಬೇರೆ ಮಾನದಂಡ ಇದೆ, ಐಎಸ್ 7466. ಸಂತೆಯಲ್ಲಿ ತಳ್ಳುಗಾಡಿ ಮೇಲೆ ನೇತು ಹಾಕಿರುವ ಗ್ಯಾಸ್ಕೆಟ್ ಗೊಂಚಲಿನಲ್ಲಿ ಆ ನಂಬರನ್ನು ನಾನಂತೂ ಇದುವರೆಗೆ ನೋಡಿಲ್ಲ. ನೀವು ನೋಡಿದ್ದರೆ ಫೋಟೋ ಕಳಿಸಿ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ? ಒಂದಾದ ಮೇಲೆ ಒಂದು ಮನೆ ಸಾಮಾನು ಈ ಕಡ್ಡಾಯ ಪಟ್ಟಿಗೆ ಸೇರುತ್ತಿದೆ. 2021ರ ಜನವರಿಯಿಂದ ಆಟದ ಸಾಮಾನು ಸೇರಿತು. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗೂ ಆದೇಶ ಬಂತು. ಮನೆಯಲ್ಲಿ ಪ್ಲಗ್ಗಿಗೆ ಹಾಕುವ ಸಾಮಾನುಗಳನ್ನೆಲ್ಲ ಒಟ್ಟಿಗೆ ಐಎಸ್ 302 ಅನ್ನುವ ಸುರಕ್ಷತಾ ಮಾನದಂಡದ ಕೆಳಗೆ ತರುವ ಆದೇಶ 2024ರಲ್ಲಿ ಹೊರಟು, ಅದರ ಗಡುವು 2026ಕ್ಕೆ ಸರಿದದ್ದೂ ಆಯಿತು. ಮಂಚ, ಮೇಜು, ಕುರ್ಚಿ, ಕಪಾಟಿಗೆ 2025ರ ಫೆಬ್ರವರಿಯಲ್ಲಿ ಆದೇಶ ಬಂತು, ಅದಕ್ಕೆ ಒಂದು ವರ್ಷ ಗಡುವು ಕೊಟ್ಟರು.

ಐಎಸ್ 302ರ ಥರದ ಪರೀಕ್ಷೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಪರೀಕ್ಷೆ ಮಾಡುವವರ ಹತ್ತಿರ ಒಂದು ಲೋಹದ ಬೆರಳು ಇರುತ್ತದೆ. ನಿಜವಾಗಿ ಬೆರಳೇ. ನಮ್ಮ ಬೆರಳಿನಷ್ಟೇ ದಪ್ಪ, ನಮ್ಮ ಬೆರಳಿನ ಥರವೇ ಗಿಣ್ಣು, ಬಾಗುತ್ತದೆ. ಮಿಕ್ಸಿಯ ಕೆಳಗೆ, ಹೀಟರಿನ ಜಾಲರಿಯೊಳಗೆ, ಎಲ್ಲೆಲ್ಲಿ ತೂತು ಇದೆಯೋ ಅಲ್ಲೆಲ್ಲ ಆ ಬೆರಳನ್ನು ತೂರಿಸಿ ನೋಡುತ್ತಾರೆ. ಕರೆಂಟ್ ಇರುವ ಜಾಗಕ್ಕೆ ತಾಗಿತೋ, ಸಾಮಾನು ಫೇಲ್. ಯಾರದೋ ಮನೆಯ ಪುಟಾಣಿ ಕೈ ಹಾಕುವ ಮೊದಲೇ ಒಬ್ಬರು ಕೂತು ಕೈ ಹಾಕಿ ನೋಡಿರುತ್ತಾರೆ. ಸರ್ಕಾರದ ಕಾಗದಗಳ ಮೇಲೆ ನನಗೆ ಅಷ್ಟೇನೂ ಪ್ರೀತಿ ಇಲ್ಲ. ಆದರೆ ಈ ಬೆರಳು ಕಂಡುಹಿಡಿದವರಿಗೆ ಒಂದು ಕಾಫಿ ಕೊಡಿಸಬಹುದು.

ಸಣ್ಣ ತಯಾರಕರು ಗೊಣಗುತ್ತಾರೆ. ಸುಮ್ನೆ ಗೊಣಗುವುದಲ್ಲ, ಅವರ ಮಾತಿನಲ್ಲಿ ನಿಜ ಇದೆ. ಲೈಸೆನ್ಸ್ ಫೀ, ಲ್ಯಾಬ್ ಖರ್ಚು, ವರದಿ ಬರುವವರೆಗೆ ನಿಂತುಹೋಗುವ ಮಾಲು. ಬೆಂಗಳೂರಿನ ಪೀಣ್ಯದಲ್ಲೇ ಈ ಐಎಸ್‌ಐ ಮಾರ್ಕ್ ಕೊಡುವ ಸಂಸ್ಥೆ ಬಿಐಎಸ್‌ನ ಕಚೇರಿ ಇದೆ, ಪೀಣ್ಯದಲ್ಲೇ ನಾಲ್ಕು ಜನ ಕೆಲಸ ಮಾಡುವ ಶೆಡ್ಡುಗಳೂ ಇವೆ. ಎರಡರ ನಡುವಿನ ದಾರಿ ನಕ್ಷೆಯಲ್ಲಿ ಕಾಣುವಷ್ಟು ಹತ್ತಿರದ್ದಲ್ಲ. ಅವರಿಗೆ ಜಾಸ್ತಿ ಸಮಯ ಕೊಡಿ, ಪರೀಕ್ಷೆ ಖರ್ಚಿನಲ್ಲಿ ಕೈ ಜೋಡಿಸಿ, ಅದಕ್ಕೆ ನನ್ನ ಒಪ್ಪಿಗೆ ಇದೆ. ಪೂರ್ತಿ ಬಿಟ್ಟುಬಿಡಿ ಅಂದರೆ ಮಾತ್ರ ನಾನಿಲ್ಲ. ನೀರು ಕಾಯಿಸುವ ಕಾಯಿಲ್ ಇಟ್ಟ ಬಕೆಟ್ಟಿಗೆ ಕೈ ಹಾಕಿದರೆ ಹೊಡೆಯುವ ಕರೆಂಟು, ಇದು ಸಣ್ಣ ಕೈಗಾರಿಕೆಯ ಕಾಯಿಲ್ಲಾ ಅಂತ ವಿಚಾರಿಸಿ ಹೊಡೆಯುವುದಿಲ್ಲ.

ಕುರ್ಚಿ ವಿಷಯಕ್ಕೆ ಬರುತ್ತೇನೆ. "ಕುರ್ಚಿಗೂ ಸರ್ಕಾರದ ಸೀಲ್ ಬೇಕಾ?" ಅಂತ ನಕ್ಕವರನ್ನು ನೋಡಿದ್ದೇನೆ. ಅವರು ಯಾವತ್ತೂ ಮದುವೆ ಊಟಕ್ಕೆ ಹೋಗಿಲ್ಲ ಅನ್ನಿಸುತ್ತದೆ. ಛತ್ರದಲ್ಲಿ ಸ್ವಲ್ಪ ದಪ್ಪಗಿರುವ ದೊಡ್ಡಪ್ಪ ಬಂದರೆ ಏನು ಮಾಡುತ್ತೇವೆ? "ಏಯ್, ಅವರಿಗೆ ಎರಡು ಕುರ್ಚಿ ಹಾಕೋ" ಅಂತ ಕೂಗುತ್ತೇವೆ. ಪ್ಲಾಸ್ಟಿಕ್ ಕುರ್ಚಿ ಮೇಲೆ ಇನ್ನೊಂದು ಪ್ಲಾಸ್ಟಿಕ್ ಕುರ್ಚಿ. ಅದೇ ನಮ್ಮ ಗುಣಮಟ್ಟ ನಿಯಂತ್ರಣ. ಶಾಮಿಯಾನದವರ ಹತ್ತಿರ ವರ್ಷಗಟ್ಟಲೆ ಬಿಸಿಲಲ್ಲಿ ಒಣಗಿ ಬಣ್ಣ ಕೆಟ್ಟ ಕುರ್ಚಿ, ಕೆಳಗೆ ನುಣುಪಾದ ಟೈಲ್ಸ್. ಹಿಂದಿನ ಕಾಲು ಮೆಲ್ಲಗೆ ಅಗಲವಾಗುತ್ತಾ ಹೋಗುತ್ತದೆ, ಆಮೇಲೆ ಒಂದೇ ಸಲ ಪಟ್. ದೊಡ್ಡಪ್ಪನ ಮರ್ಯಾದೆ ಹೋಯಿತು ಅಂತ ನಗುತ್ತೇವೆ. ಅರವತ್ತು ದಾಟಿದವರಿಗೆ ಸೊಂಟದ ಮೂಳೆ ಮುರಿದರೆ ಅದು ನಗುವ ವಿಷಯ ಅಲ್ಲ.

ಕಪಾಟು ಇನ್ನೂ ಅಪಾಯದ್ದು. ಅಮೆರಿಕದಲ್ಲಿ ಡ್ರಾಯರ್ ಕಪಾಟುಗಳು ಮಗುಚಿ ಮಕ್ಕಳು ಸತ್ತ ಮೇಲೆ, 2016ರಲ್ಲಿ ಐಕಿಯಾ ಅಲ್ಲಿ ಮಾರಿದ್ದ 2.9 ಕೋಟಿ ಕಪಾಟುಗಳನ್ನು ವಾಪಸ್ ಕರೆಯಬೇಕಾಯಿತು. ಮಕ್ಕಳು ಡ್ರಾಯರ್ ಎಳೆದು ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತವೆ, ಕಪಾಟು ಮುಂದಕ್ಕೆ ವಾಲುತ್ತದೆ. ನಮ್ಮ ಮನೆಗಳಲ್ಲಿ ಬೀರು ಅಲ್ಲಾಡಿದರೆ ಮದುವೆ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಕಾಲಿನ ಕೆಳಗೆ ಇಡುತ್ತೇವೆ, ಅದರ ತಲೆ ಮೇಲೆ ಎರಡು ಸೂಟ್‌ಕೇಸ್ ಏರಿಸುತ್ತೇವೆ. ಹೊಸ ಆದೇಶದಡಿ ಸಾಮಾನು ಇಡುವ ಕಪಾಟುಗಳಿಗೆ ಐಎಸ್ 17634 ಅಂತ ಬೇರೆಯೇ ಮಾನದಂಡ ಇದೆ. ಒಳ್ಳೆಯದೇ ಆಯಿತು. ಮದುವೆ ಕಾರ್ಡು ತೆಗೆದು ಬೀರುವನ್ನು ಗೋಡೆಗೆ ಒಂದು ಕ್ಲ್ಯಾಂಪ್ ಹಾಕಿ ಬಿಗಿಯುವ ಕೆಲಸ ಮಾತ್ರ ನಮ್ಮದೇ.

ನಿಯಮ ಇದ್ದ ಮಾತ್ರಕ್ಕೆ ಪಾಲಿಸುತ್ತಾರೆ ಅಂತಲ್ಲ. ಕುಕ್ಕರ್ ವಿಷಯದಲ್ಲೇ ನೋಡಿ. 2022ರ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೆ ದಂಡ ಹಾಕಿತು. ಆದೇಶ ಬಂದ ಮೇಲೂ ಅದರ ಜಾಲತಾಣದಲ್ಲಿ ಮಾನದಂಡಕ್ಕೆ ಹೊಂದದ 2,265 ಕುಕ್ಕರ್ ಮಾರಾಟ ಆಗಿದ್ದವು. ಆ ಮಾರಾಟದಿಂದ ಕಂಪನಿಗೆ ಬಂದ ಶುಲ್ಕ 6 ಲಕ್ಷ ಚಿಲ್ಲರೆ, ದಂಡ 1 ಲಕ್ಷ. ಕೊಂಡವರಿಗೆ ಹಣ ವಾಪಸ್ ಕೊಡಿ ಅಂತಲೂ ಹೇಳಿದರು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಅದು ಬಿಡಿ, ನಮ್ಮಲ್ಲಿ ಚುನಾವಣೆ ಬಂದರೆ ಸಾಕು, ಕುಕ್ಕರ್ ಬಿಟ್ಟಿ ಬರುತ್ತದೆ. ಬಿಟ್ಟಿ ಕುಕ್ಕರನ್ನು ತಿರುಗಿಸಿ ಮಾರ್ಕ್ ಹುಡುಕುವವರು ಯಾರು?

ಹುಡುಕುವುದು ಕಷ್ಟವೇನಲ್ಲ. ಐಎಸ್‌ಐ ಗುರುತಿನ ಮೇಲ್ಗಡೆ ಮಾನದಂಡದ ನಂಬರ್ ಇರುತ್ತದೆ, ಕೆಳಗಡೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್. ಬರೀ ಮಾರ್ಕ್ ಇದ್ದು ಆ ನಂಬರ್ ಇಲ್ಲದಿದ್ದರೆ ಅನುಮಾನ ಪಡಿ. ಬಿಐಎಸ್ ಕೇರ್ ಅನ್ನುವ ಆ್ಯಪಿನಲ್ಲಿ ನಂಬರ್ ಹಾಕಿದರೆ ಯಾವ ತಯಾರಕರದ್ದು, ಲೈಸೆನ್ಸ್ ಜೀವಂತ ಇದೆಯಾ ಅನ್ನುವುದು ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತೇ ಮಾಡಬಹುದು. ಅಂಗಡಿಯವರು ಸ್ವಲ್ಪ ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಈ ಆದೇಶಗಳೆಲ್ಲ ಸಾಮಾನು ಹೊಸದಾಗಿ ಡಬ್ಬಿಯಿಂದ ಹೊರಬರುವ ದಿನದ ಬಗ್ಗೆ ಯೋಚಿಸುತ್ತವೆ. ನಾವು ಸಾಮಾನನ್ನು ಹತ್ತು ವರ್ಷ ಬಳಸುವವರು. ನಮ್ಮ ಕುಕ್ಕರಿಗೇ ಹನ್ನೊಂದು ವರ್ಷ. ಗ್ಯಾಸ್ಕೆಟ್ ಎಷ್ಟು ಸಲ ಬದಲಾಗಿದೆಯೋ ಲೆಕ್ಕ ಇಲ್ಲ, ಹಿಡಿ ಎರಡು ಸಲ. ಅಡಿ ಬಿಟ್ಟು ಉಳಿದದ್ದೆಲ್ಲ ಹೊಸದೇ. ಹಾಗಿದ್ದರೆ ಆ ಹಳೇ ಮಾರ್ಕ್ ಯಾವುದರ ಪರವಾಗಿ ಸಾಕ್ಷಿ ಹೇಳುತ್ತಿದೆ?

ಯುರೋಪಿನಲ್ಲಿ 2021ರ ಮಾರ್ಚಿನಿಂದ ಒಂದು ನಿಯಮ ಇದೆ. ವಾಷಿಂಗ್ ಮಷೀನ್ ಮಾಡುವವರು ಆ ಮಾಡೆಲ್ ನಿಲ್ಲಿಸಿದ ಮೇಲೂ ಕನಿಷ್ಠ 10 ವರ್ಷ ಬಿಡಿಭಾಗ ಒದಗಿಸಬೇಕು. ಫ್ರಿಜ್ಜಿನ ಬಹಳಷ್ಟು ಭಾಗಕ್ಕೆ 7 ವರ್ಷ, ಬಾಗಿಲಿನ ಗ್ಯಾಸ್ಕೆಟ್‌ಗೆ ಮಾತ್ರ 10. ಒಂದು ರಬ್ಬರ್ ಪಟ್ಟಿಗೆ ಬೇರೆಯಾಗಿ ವರ್ಷ ಬರೆದಿದ್ದಾರೆ ನೋಡಿ. ಅದನ್ನು ಬರೆದವರ ಮನೆಯಲ್ಲೂ ಯಾರೋ ಒಬ್ಬರು ಸರಿಯಾಗಿ ಮುಚ್ಚದ ಫ್ರಿಜ್ ಬಾಗಿಲಿಗೆ ಕುರ್ಚಿ ಒತ್ತಿಟ್ಟಿರಬೇಕು. ನಮ್ಮಲ್ಲೂ 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ಬಂತು. ಪೋರ್ಟಲ್ ನೋಡಿದೆ. ಮಾಹಿತಿ ಇದೆ, ಕಂಪನಿಗಳ ಫೋನ್ ನಂಬರ್ ಇದೆ. ನನಗೆ ಬೇಕಿರುವುದು ಫೋನ್ ನಂಬರ್ ಅಲ್ಲ. ಕುಕ್ಕರ್ ಡಬ್ಬಿ ಮೇಲೆ "ಈ ವಾಲ್ವ್, ಈ ಗ್ಯಾಸ್ಕೆಟ್ ಇಂತಿಷ್ಟು ವರ್ಷ ಸಿಗುತ್ತದೆ" ಅಂತ ಬರೆದಿರಬೇಕು. ಬಿಡಿಯಾಗಿ ಮಾರುವ ಸುರಕ್ಷತೆಯ ಭಾಗದ ಮೇಲೂ ಅದೇ ಐಎಸ್‌ಐ ಮಾರ್ಕ್ ಇರಬೇಕು. ಇಲ್ಲದ ವಾಲ್ವ್ ಅಂಗಡಿಯಲ್ಲಿ ಇರಲೇಬಾರದು. ಮಾರ್ಕ್ ಇಲ್ಲದ ಕುಕ್ಕರ್ ಮಾರುವುದು ತಪ್ಪಾದರೆ, ಮಾರ್ಕ್ ಇಲ್ಲದ ವಾಲ್ವ್ ಮಾರುವುದು ಹೇಗೆ ಸರಿಯಾಗುತ್ತದೆ?

ವಾಲ್ವ್ ಕಥೆ ಮುಗಿಸುತ್ತೇನೆ. ಡಬ್ಬಿಯಲ್ಲಿದ್ದದ್ದನ್ನು ತಗೊಳ್ಳಲಿಲ್ಲ. ಎರಡು ಬಸ್ ಬದಲಿಸಿ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಮಧ್ಯಾಹ್ನ ಒಂದೂವರೆ, ಊಟದ ಹೊತ್ತು, ಷಟರ್ ಅರ್ಧ ಇಳಿದಿತ್ತು. ಕಾದೆ. ವಾಲ್ವಿಗಿಂತ ಬಸ್ ಚಾರ್ಜೇ ಜಾಸ್ತಿ ಆಯಿತು. ಅಲ್ಲಿದ್ದ ಹುಡುಗ ಕರಗಿದ ಈ ವಾಲ್ವನ್ನು ನೋಡಿ "ಇದು ಕಂಪನೀದೇ ಸಾರ್, ಅದಕ್ಕೇ ಕರಗಿದೆ" ಅಂದ. ಆಮೇಲೆ ಸ್ವಲ್ಪ ಮೆಲ್ಲಗೆ, "ಕೆಲವರು ಈ ತೂತಿಗೆ ಎಂ-ಸೀಲ್ ತುಂಬಿಸಿ ತರ್ತಾರೆ" ಅಂದ.

ಈಗ ಹೊಸ ವಾಲ್ವ್ ಕೂತಿದೆ. ಅಮ್ಮ ಬೇಳೆಯನ್ನು ಅರ್ಧಕ್ಕಿಂತ ಕೆಳಗೇ ನಿಲ್ಲಿಸುತ್ತಾಳೆ, ವೆಯ್ಟ್ ಹಾಕುವ ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಸೀಲಿಂಗಿನ ಮೇಲಿನ ಹಳದಿ ಕಲೆ ಹಾಗೇ ಇದೆ. ಪೇಂಟ್ ಮಾಡಿಸೋಣ್ವಾ ಅಂತ ಕೇಳಿದೆ. "ದಸರಾ ಹೊತ್ತಿಗೆ ನೋಡೋಣ ಬಿಡು" ಅಂದಳು.