ಗ್ರೀನ್ ಬೇ ಊರಿನ ಟೀಮು, ಪಾಲು ಹಂಚೋ ಲೀಗು

ನಮಸ್ಕಾರ ಕೇಳುಗರೇ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗ್ರೀನ್ ಬೇ ಅಂತ ಒಂದೂರು, ಜನ ಇರೋದು ಲಕ್ಷದ ಆಸುಪಾಸು ಅಷ್ಟೇ. ಆದ್ರೆ ಅಲ್ಲಿನ ಪ್ಯಾಕರ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಟೀಮು ನ್ಯೂಯಾರ್ಕ್, ಲಾಸ್ ಏಂಜಲೀಸ್ ಟೀಮುಗಳಿಗೆ ಸರಿಸಮ ಆಡುತ್ತೆ. ಇಷ್ಟು ಸಣ್ಣ ಊರಿಗೆ ಅಷ್ಟೊಂದು ದುಡ್ಡೆಲ್ಲಿಂದ ಬರುತ್ತೆ?

ಗುಟ್ಟು ಇರೋದು ಎನ್‌ಎಫ್‌ಎಲ್‌ನಲ್ಲಿ, ಅಂದ್ರೆ ಆ ಆಟದ 32 ಟೀಮುಗಳ ಲೀಗಲ್ಲಿ. 1960ರಲ್ಲಿ ಪೀಟ್ ರೋಜೆಲ್ ಲೀಗಿನ ಕಮಿಷನರ್, ಅಂದ್ರೆ ಮುಖ್ಯಸ್ಥ, ಆದಾಗ ಟೀಮಿನವರು ಟೀವಿಯವರ ಹತ್ರ ತಾವು ತಾವೇ ವ್ಯಾಪಾರ ಕುದುರಿಸ್ಕೊಳ್ತಿದ್ರು, ದೊಡ್ಡೂರಿಗೆ ದೊಡ್ಡ ತುತ್ತು, ಗ್ರೀನ್ ಬೇಗೆ ಚಿಲ್ಲರೆ. ಎಲ್ಲ ಮ್ಯಾಚೂ ಒಟ್ಟಿಗೆ ಮಾರೋಣ, ಬಂದಿದ್ದನ್ನ ಸಮ ಹಂಚ್ಕೊಳೋಣ ಅಂದ ರೋಜೆಲ್, ಮಜಾ ಅಂದ್ರೆ ನ್ಯೂಯಾರ್ಕ್ ಜೈಂಟ್ಸ್‌ನ ಓನರ್‌ಗಳಾದ ಮಾರಾ ಕುಟುಂಬದವರೂ ಹೂಂ ಅಂದ್ರು. ಹಂಗೆ ಒಟ್ಟಿಗೆ ಮಾರೋ ಹಂಗಿಲ್ಲ ಅಂತ ಕೋರ್ಟು ಅಡ್ಡ ಬಂತು, 1961ರಲ್ಲೇ ಸಂಸತ್ತು ಹೊಸ ಕಾನೂನು ಮಾಡಿ ದಾರಿ ಬಿಡಿಸ್ತು.

2021ರ ಟೀವಿ ಒಪ್ಪಂದಗಳು 11 ವರ್ಷಕ್ಕೆ ಸುಮಾರು 11,000 ಕೋಟಿ ಡಾಲರ್! ಬೇರೆ ಟೀಮುಗಳು ಲೆಕ್ಕ ಬಿಟ್ಟುಕೊಡಲ್ಲ, ಆದ್ರೆ ಪ್ಯಾಕರ್ಸ್ ಪ್ರತಿವರ್ಷ ಷೇರುದಾರರ ಮುಂದೆ ಲೆಕ್ಕ ಒಪ್ಪಿಸ್ಬೇಕು. ಅದರ ಪ್ರಕಾರ 2024ರ ಮಾರ್ಚಿಗೆ ಮುಗಿದ ವರ್ಷ ಲೀಗಿಂದ ಬಂದ ಪಾಲು 40 ಕೋಟಿ ಡಾಲರ್ ಮೇಲೆ, ಗೆದ್ದವರಿಗೂ ಸೋತವರಿಗೂ ಅಷ್ಟೇ. ಆಟಗಾರರ ಸಂಬಳಕ್ಕೂ ಮಿತಿ ಇದೆ, 2024ರಲ್ಲಿ ಟೀಮಿಗೆ 25.54 ಕೋಟಿ ಡಾಲರ್, ದುಡ್ಡಿದೆ ಅಂತ ಸ್ಟಾರ್‌ಗಳನ್ನೆಲ್ಲ ಬಾಚ್ಕೊಳೋ ಹಂಗಿಲ್ಲ. ಹೊಸ ಹುಡುಗರನ್ನ ಆರಿಸೋ ಡ್ರಾಫ್ಟ್‌ನಲ್ಲೂ ಹಿಂದಿನ ಸಲ ಎಲ್ಲರಿಗಿಂತ ಕೆಳಗಿದ್ದವರಿಗೇ ಮೊದಲ ಸರದಿ.

ತಮ್ಮತಮ್ಮಲ್ಲಿ ಇಷ್ಟು ಧಾರಾಳ ಇರೋ ಈ ಓನರ್‌ಗಳು ಊರಿನ ಜನರ ಹತ್ರ ಮಾತ್ರ ಪಕ್ಕಾ ವ್ಯಾಪಾರಿಗಳು ಅಂತೀನಿ ನಾನು. ಸ್ಟೇಡಿಯಂ ಕಟ್ಟಿಕೊಡಿ, ಇಲ್ಲಾಂದ್ರೆ ಗಂಟುಮೂಟೆ ಕಟ್ತೀವಿ ಅನ್ನೋ ಮಾತು ಹೊಸದೇನಲ್ಲ. ಲಾಸ್ ವೇಗಸ್‌ನವರು ಹೋಟೆಲ್ ರೂಮಿನ ತೆರಿಗೆಯಿಂದ 75 ಕೋಟಿ ಡಾಲರ್ ಕೊಡೋಕೆ ಒಪ್ಪಿದ್ರು, ರೈಡರ್ಸ್ ಟೀಮು ಓಕ್‌ಲ್ಯಾಂಡ್ ಬಿಟ್ಟು 2020ರಲ್ಲಿ ಅಲ್ಲಿಗೆ ಹೊರಟೇ ಹೋಯ್ತು.

ಗ್ರೀನ್ ಬೇ ಜನಕ್ಕೆ ಪ್ಯಾಕರ್ಸ್ ಊರು ಬಿಟ್ಟೀತು ಅನ್ನೋ ಭಯ ಇಲ್ಲ, ಯಾಕಂದ್ರೆ ಅದಕ್ಕೆ ಒಬ್ಬ ಧಣಿ ಇಲ್ಲ, 5 ಲಕ್ಷಕ್ಕೂ ಮೇಲೆ ಷೇರುದಾರರಿದಾರೆ. 2021ರಲ್ಲಿ ಷೇರಿಗೆ 300 ಡಾಲರ್ ಇತ್ತು, ಡಿವಿಡೆಂಡ್ ಇಲ್ಲ, ಲಾಭಕ್ಕೆ ಮಾರೋ ಹಂಗಿಲ್ಲ, ನಮ್ಮ ಹಾಲಿನ ಸೊಸೈಟೀಲಾದ್ರೂ ಬೋನಸ್ ಬರುತ್ತೆ! ಆದ್ರೂ ಜನ ಮುಗಿಬಿದ್ದು ಕೊಂಡು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕ್ತಾರೆ. ಇನ್ನೊಂದು ಊರಿನವರು ನಾವೂ ಹೀಗೇ ಟೀಮು ಕಟ್ತೀವಿ ಅಂತ ಹೊರಟ್ರೆ ಆಗಲ್ಲ, ಲೀಗಿನ ರೂಲ್ಸು ಈಗ ಅದಕ್ಕೆ ಒಪ್ಪಲ್ಲ.