ಬ್ಯಾಂಕಿನ ಮುಂದಿನ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬಹಳ ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನು. ಒಂದು ದಿನ ನಮ್ಮೂರಲ್ಲಿ ಗಾಳಿಸುದ್ದಿ ಹಬ್ಬಿತು. ಪಕ್ಕದ ಊರಿನ ಒಂದು ಸಂಘದಲ್ಲಿ ದುಡ್ಡು ವಾಪಸ್ ಕೊಡ್ತಿಲ್ಲವಂತೆ, ನಾಳೆ ಇಲ್ಲೂ ಹಾಗೇ ಆಗುತ್ತಂತೆ ಅಂತ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಲು ರಸ್ತೆವರೆಗೂ ಇತ್ತು. ಮುಂದೆ ಒಬ್ಬರು ಅಜ್ಜಿ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನೊಳಗೆ ಹಿಡಿದಿದ್ದರು. "ನನ್ನ ದುಡ್ಡು ಐತೇನಪ್ಪಾ?" ಅಂದರು. ಎಣಿಸಿ ಕೊಟ್ಟೆ. ತಗೊಳ್ಳುವಾಗ ಅವರ ಕೈ ನಡುಗುತ್ತಿತ್ತು. ಸಂಜೆ ಹೊತ್ತಿಗೆ ಸಾಲು ಕರಗಿತು. ಆದರೆ ಆ ಕೈ ನಾನು ಮರೆತಿಲ್ಲ.

ಅಮೆರಿಕದ ಮಹಾ ಆರ್ಥಿಕ ಕುಸಿತದ ಬಗ್ಗೆ ಮಾತಾಡಬೇಕು ಅಂದಾಗಲೆಲ್ಲ ನನಗೆ ಆ ಸಾಲೇ ನೆನಪಾಗುತ್ತದೆ. ಸಾಮಾನ್ಯವಾಗಿ ಈ ಕತೆಯನ್ನು ಷೇರುಪೇಟೆಯಿಂದ ಶುರು ಮಾಡುತ್ತಾರೆ. ಅದೇನೂ ಸುಳ್ಳಲ್ಲ. 1920ರ ದಶಕದಲ್ಲಿ ಅಲ್ಲಿ ಜನ ಸಾಲ ಮಾಡಿ ಷೇರು ಕೊಂಡರು. ನೂರು ಡಾಲರ್ ಷೇರಿಗೆ ಕೈಯಿಂದ ಹಾಕುತ್ತಿದ್ದದ್ದು ಹತ್ತೋ ಇಪ್ಪತ್ತೋ ಡಾಲರ್, ಉಳಿದದ್ದು ದಲ್ಲಾಳಿಯ ಸಾಲ. ಬೆಲೆ ಏರುತ್ತಿರುವ ತನಕ ಎಲ್ಲ ಸರಿ. 1929ರ ಅಕ್ಟೋಬರ್ 24ರ ಗುರುವಾರ ಮತ್ತು 29ರ ಮಂಗಳವಾರ ಎಲ್ಲ ಕುಸಿಯಿತು. ಷೇರು ಬೆಲೆಗಳ ಏರಿಳಿತ ತೋರಿಸುವ ಡೌ ಸೂಚ್ಯಂಕ 1929ರ ಸೆಪ್ಟೆಂಬರಿನಲ್ಲಿ 381 ಇದ್ದದ್ದು 1932ರ ಜುಲೈಯಲ್ಲಿ 41ಕ್ಕೆ ಬಂದು ನಿಂತಿತು.

ಆದರೆ ಷೇರು ಇದ್ದದ್ದು ಎಷ್ಟು ಜನರ ಹತ್ತಿರ? ಹೆಚ್ಚಿನ ಮನೆಗಳಲ್ಲಿ ಒಂದು ಷೇರೂ ಇರಲಿಲ್ಲ. ಅವರಿಗೆ ಏಟು ಬಿದ್ದದ್ದು ಬ್ಯಾಂಕಿನ ಬಾಗಿಲಲ್ಲಿ.

1930ರ ಡಿಸೆಂಬರ್ 10. ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಒಂದು ಶಾಖೆ. ಬ್ಯಾಂಕಿನ ಹೆಸರು 'ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್'. ಹೆಸರು ಕೇಳಿದರೆ ಸರ್ಕಾರದ್ದು ಅನ್ನಿಸುತ್ತದೆ, ಆದರೆ ಅದು ಖಾಸಗಿ ಬ್ಯಾಂಕು. ಗಿರಾಕಿಗಳಲ್ಲಿ ಹೆಚ್ಚಿನವರು ವಲಸೆ ಬಂದ ಯಹೂದಿ ದರ್ಜಿಗಳು, ಸಣ್ಣ ಅಂಗಡಿಯವರು, ಕೂಲಿಯವರು. ಬ್ಯಾಂಕು ಮುಳುಗುತ್ತದೆ ಅಂತ ಸುದ್ದಿ ಹಬ್ಬಿತು. ಸುಮಾರು 20 ಸಾವಿರ ಜನ ಸೇರಿದರು, ಕುದುರೆ ಪೊಲೀಸರು ಬಂದರು. ಖಾತೆಯಲ್ಲಿ ಎರಡೇ ಡಾಲರ್ ಇದ್ದವನೂ ಗಂಟೆಗಟ್ಟಲೆ ಸಾಲಿನಲ್ಲಿ ನಿಂತ. ಮಾರನೇ ದಿನ ಬ್ಯಾಂಕಿಗೆ ಬೀಗ ಬಿತ್ತು. ಸುಮಾರು ನಾಲ್ಕು ಲಕ್ಷ ಠೇವಣಿದಾರರು ಬೀದಿಗೆ ಬಂದರು.

ಎರಡು ಡಾಲರಿಗೆ ಅಷ್ಟು ಹೊತ್ತು ನಿಂತವನನ್ನು ನೋಡಿ ನಗಬೇಡಿ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಯಾವ ಬ್ಯಾಂಕೂ ನಿಮ್ಮ ಠೇವಣಿಯನ್ನೆಲ್ಲ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವುದಿಲ್ಲ. ಅದು ಯಾರದೋ ಮನೆ ಸಾಲವಾಗಿ, ಯಾರದೋ ಅಂಗಡಿಯ ಬಂಡವಾಳವಾಗಿ ಹೊರಗೆ ಹೋಗಿರುತ್ತದೆ. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಒಳ್ಳೆ ಬ್ಯಾಂಕೂ ಕೊಡಲಾರದು. ಆಗ ಮೊದಲು ಬಂದವನಿಗೆ ಮಾತ್ರ ದುಡ್ಡು. ಇದು ಎಲ್ಲರಿಗೂ ಗೊತ್ತಿರುವುದರಿಂದಲೇ ಎಲ್ಲರೂ ಓಡಿ ಬರುತ್ತಾರೆ.

1930ರಿಂದ 1933ರೊಳಗೆ ಅಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಉಳಿದವು ಹೆದರಿ ಸಾಲ ಕೊಡುವುದನ್ನು ನಿಲ್ಲಿಸಿದವು. ದೇಶದಲ್ಲಿ ಓಡಾಡುವ ಹಣವೇ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಹಣ ಇಲ್ಲದ ಮೇಲೆ ಬೆಲೆ ಬಿತ್ತು. 1929ರಲ್ಲಿ ಒಂದು ಡಾಲರಿಗೆ ಹೋಗುತ್ತಿದ್ದ ಒಂದು ಬುಷೆಲ್ ಗೋಧಿ, ಅಂದರೆ ಸುಮಾರು 27 ಕೆಜಿ, 1932ರಲ್ಲಿ 40 ಸೆಂಟಿಗಿಂತ ಕೆಳಗೆ ಹೋಯಿತು. ಬೆಲೆ ಇಳಿದರೆ ಒಳ್ಳೇದಲ್ವಾ ಅಂತ ನಿಮಗೆ ಅನ್ನಿಸಬಹುದು. ರೈತನ ಸಾಲ ಇಳಿಯಲಿಲ್ಲವಲ್ಲ! ಒಂದು ಮೂಟೆ ಮಾರಿ ತೀರಿಸುವ ಕಂತಿಗೆ ಎರಡೂವರೆ ಮೂಟೆ ಮಾರಬೇಕಾಯಿತು. ಜಮೀನು ಹರಾಜಿಗೆ ಬಂತು. ಕಲ್ಲಿದ್ದಲು ಕೊಳ್ಳುವುದಕ್ಕಿಂತ ಅಗ್ಗ ಅಂತ ಮುಸುಕಿನ ಜೋಳದ ತೆನೆಯನ್ನೇ ಒಲೆಗೆ ಹಾಕಿದವರಿದ್ದರು. ಅದೇ ಹೊತ್ತಿಗೆ ಪೇಟೆಗಳಲ್ಲಿ ಜನ ಬ್ರೆಡ್ಡಿಗೆ ಸಾಲು ನಿಂತಿದ್ದರು. ಬೆಳೆದ ಕಾಳು ಬೆಂಕಿಗೆ, ಹಸಿದವರು ಬೀದಿಯಲ್ಲಿ. ಇದನ್ನು ಓದುವಾಗ ಇವತ್ತಿಗೂ ಸಂಕಟವಾಗುತ್ತದೆ.

ನಮ್ಮ ದೇಶದಲ್ಲೂ ಬೆಳೆಯ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಸಾಲದ ಹೊರೆ ಹಾಗೇ ಉಳಿಯಿತು. 1931ರ ನಂತರ ಹಳ್ಳಿ ಮನೆಗಳ ಚಿನ್ನದ ಓಲೆ, ಬಳೆ ಮಾರಾಟವಾಗಿ, ಕರಗಿ ಗಟ್ಟಿಯಾಗಿ ಹೊರದೇಶದ ಹಡಗು ಹತ್ತಿದವು.

ಅಮೆರಿಕದ ಸರ್ಕಾರ ಏನು ಮಾಡಿತು? ಅಧ್ಯಕ್ಷ ಹೂವರ್ ಕೈಕಟ್ಟಿ ಕೂತಿದ್ದರು ಅನ್ನುವುದು ಸರಿಯಲ್ಲ. 1932ರಲ್ಲಿ ಬ್ಯಾಂಕುಗಳಿಗೂ ರೈಲ್ವೆ ಕಂಪನಿಗಳಿಗೂ ಸಾಲ ಕೊಡುವ ಸಂಸ್ಥೆಯೊಂದನ್ನು ಅವರು ಶುರು ಮಾಡಿದರು. ಆದರೆ ತಪ್ಪು ದೊಡ್ಡದಾಗಿಯೇ ಆಯಿತು. 1930ರಲ್ಲಿ ಆಮದು ಸುಂಕ ಏರಿಸಿದರು. ಬೇಡ ಅಂತ ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಸಹಿ ಹಾಕಿ ಬರೆದಿದ್ದರು. 1931ರಲ್ಲಿ ಬ್ರಿಟನ್ ಚಿನ್ನದ ಮಾನವನ್ನು, ಅಂದರೆ ನೋಟಿಗೆ ನಿಗದಿತ ಚಿನ್ನ ಕೊಡುವ ಪದ್ಧತಿಯನ್ನು ಬಿಟ್ಟಾಗ, ತಮ್ಮ ಚಿನ್ನ ಹೊರಗೆ ಹೋದೀತು ಅಂತ ಅಮೆರಿಕದ ಕೇಂದ್ರೀಯ ಬ್ಯಾಂಕು ಬಡ್ಡಿ ಏರಿಸಿತು. ಬ್ಯಾಂಕುಗಳು ಉಸಿರುಗಟ್ಟಿ ಸಾಯುತ್ತಿದ್ದಾಗ ಏರಿಸಿದ ಬಡ್ಡಿ ಅದು. 1932ರಲ್ಲಿ ತೆರಿಗೆಯೂ ಏರಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದಾಗ ಹೆಚ್ಚಿನ ರಾಜ್ಯಗಳಲ್ಲಿ ಬ್ಯಾಂಕುಗಳು ಮುಚ್ಚಿದ್ದವು, ಇಲ್ಲವೇ ಅರೆಬಾಗಿಲು ತೆರೆದಿದ್ದವು. ಅವರು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. 9ರಂದು ಒಂದೇ ದಿನದಲ್ಲಿ ಕಾನೂನು ಪಾಸಾಯಿತು. ಲೆಕ್ಕ ನೋಡಿ, ಗಟ್ಟಿಯಿರುವ ಬ್ಯಾಂಕುಗಳನ್ನು ಮಾತ್ರ ತೆರೆಯುವುದು ಅಂತ ತೀರ್ಮಾನವಾಯಿತು.

ಆಮೇಲೆ 12ರ ಭಾನುವಾರ ರಾತ್ರಿ ಅವರು ರೇಡಿಯೋದ ಮುಂದೆ ಕೂತರು. ಮೈಕಿನ ಮುಂದೆ ಕೂತಿರುವ ನನಗೆ ಇದು ತುಂಬ ಇಷ್ಟದ ಭಾಗ. ಕಾಲು ಗಂಟೆಯೂ ಇಲ್ಲದ ಮಾತು. ಸುಮಾರು ಆರು ಕೋಟಿ ಜನ ಕೇಳಿದರು. ಭಾಷಣದ ಅಬ್ಬರ ಇರಲಿಲ್ಲ. ನೀವು ಇಟ್ಟ ದುಡ್ಡನ್ನು ಬ್ಯಾಂಕು ಕಪಾಟಿನಲ್ಲಿ ಇಡುವುದಿಲ್ಲ, ಸಾಲವಾಗಿ ಕೊಟ್ಟು ದುಡಿಸುತ್ತದೆ ಅಂತ ಶುರು ಮಾಡಿದರು. ಯಾವ ದಿನ ಯಾವ ಊರಿನ ಬ್ಯಾಂಕು ತೆರೆಯುತ್ತದೆ ಅಂತ ಹೇಳಿದರು. ಎಲ್ಲ ಬ್ಯಾಂಕೂ ತೆರೆಯುತ್ತದೆ, ಯಾರಿಗೂ ನಷ್ಟವಾಗುವುದಿಲ್ಲ ಅಂತ ಮಾತು ಕೊಡಲಾರೆ ಅಂತಲೂ ಹೇಳಿದರು. ಹಾಸಿಗೆ ಕೆಳಗೆ ಇಡುವುದಕ್ಕಿಂತ ಮತ್ತೆ ತೆರೆದ ಬ್ಯಾಂಕಿನಲ್ಲಿ ಇಡುವುದು ಕ್ಷೇಮ ಅಂದರು. ನಷ್ಟ ಆಗಬಹುದು ಅಂತ ಒಪ್ಪಿಕೊಂಡದ್ದಕ್ಕೇ ಜನ ಉಳಿದದ್ದನ್ನೂ ನಂಬಿದರು ಅಂತ ನನ್ನ ಭಾವನೆ.

ಸೋಮವಾರ ಬ್ಯಾಂಕುಗಳು ತೆರೆದವು. ಮತ್ತೆ ಸಾಲು. ಈ ಸಲ ಜನ ದುಡ್ಡು ಕಟ್ಟಲು ಬಂದಿದ್ದರು!

ಆಮೇಲೆ ರೂಸ್‌ವೆಲ್ಟ್ ಸರ್ಕಾರದ ಯೋಜನೆಗಳು ಬಂದವು. ಕಾಡು ಬೆಳೆಸುವ ಕೆಲಸಕ್ಕೆ ಹೋದ ಹುಡುಗರಿಗೆ ತಿಂಗಳಿಗೆ 30 ಡಾಲರ್, ಅದರಲ್ಲಿ 25 ನೇರವಾಗಿ ಮನೆಗೆ. ಟೆನ್ನೆಸ್ಸೀ ಕಣಿವೆಗೆ ಅಣೆಕಟ್ಟು, ಕರೆಂಟು. 1935ರಲ್ಲಿ ಮುದುಕರಿಗೆ ಪಿಂಚಣಿಯ ಕಾನೂನು. ಅದರಲ್ಲಿ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಬಿಟ್ಟರು. ಕಪ್ಪು ಜನರಲ್ಲಿ ಬಹಳ ಮಂದಿ ದುಡಿಯುತ್ತಿದ್ದದ್ದು ಅಲ್ಲೇ. ಅದು ಅನ್ಯಾಯ, ಬೇರೆ ಮಾತಿಲ್ಲ. 1937ರಲ್ಲಿ ಇನ್ನೇನು ಸರಿಹೋಯಿತು ಅಂತ ಖರ್ಚಿಗೆ ಕತ್ತರಿ ಹಾಕಿದರು. ನಿರುದ್ಯೋಗ ಮತ್ತೆ ಏರಿತು. ಪೂರ್ತಿ ಇಳಿದದ್ದು ಎರಡನೇ ಮಹಾಯುದ್ಧದ ತಯಾರಿ ಶುರುವಾದ ಮೇಲೆಯೇ.

ಆದರೆ ಬ್ಯಾಂಕಿನ ಮುಂದಿನ ಸಾಲಿಗೆ ಒಂದು ಔಷಧಿ ಆಗಲೇ ಸಿಕ್ಕಿತ್ತು. 1934ರ ಜನವರಿ 1ರಿಂದ ಠೇವಣಿಗೆ ವಿಮೆ, ಮೊದಲು 2,500 ಡಾಲರ್ ವರೆಗೆ. ಬ್ಯಾಂಕು ಮುಳುಗಿದರೂ ನಿಮ್ಮ ದುಡ್ಡು ಬರುತ್ತದೆ ಅಂತ ಗೊತ್ತಿದ್ದರೆ ಯಾರೂ ನಸುಕಿಗೆ ಎದ್ದು ಓಡುವುದಿಲ್ಲ. ನಮ್ಮಲ್ಲಿ ಇದು ಬಂದದ್ದು 1962ರಲ್ಲಿ, ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ. ಆಗ ಮಿತಿ 1,500 ರೂಪಾಯಿ. 2020ರಿಂದ ಐದು ಲಕ್ಷ.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿಡಿ. ಈ ವಿಮೆ ಬ್ಯಾಂಕುಗಳಿಗೆ ಇದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬೋರ್ಡಿನಲ್ಲಿ ಸಂಘ ಅಂತ ಇದೆಯೋ ಬ್ಯಾಂಕು ಅಂತ ಇದೆಯೋ ಓದಿ. ಜಾಸ್ತಿ ಬಡ್ಡಿ ಕೊಡುತ್ತೇವೆ ಅಂದರೆ, ಠೇವಣಿಗೆ ವಿಮೆ ಇದೆಯಾ ಅಂತ ಕೌಂಟರಿನಲ್ಲೇ ಕೇಳಿ. ನಿಮ್ಮ ಮನೆಯ ಹಿರಿಯರ ಪಾಸ್‌ಬುಕ್ಕನ್ನೂ ಇವತ್ತೇ ಒಮ್ಮೆ ತೆಗೆದು ನೋಡಿ.

ನಮಸ್ಕಾರ.